ಮಕ್ಕಳ ಆಟ, ಹಿರಿಯರ ಅಸಹನೆ

ಅಸರ್ ನಮಾಝ್ ಮುಗಿದು ಮಗ್ರಿಬ್‌ನ ಬಾಂಗ್ ಮೊಳಗುವ ತನಕದ ಒಂದೆರಡು ಗಂಟೆಗಳು ಮಕ್ಕಳ ಪಾಲಿಗೆ ದಿನದಲ್ಲೇ ಅತ್ಯಂತ ಪ್ರಿಯವಾದ ಸಮಯ. ಶಾಲೆಯಿಂದ ಬಂದು, ಚೀಲವನ್ನು ಮೂಲೆಗೆಸೆದು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ಬೀದಿಗಿಳಿದರೆ ಅಲ್ಲಿ ಅವರದೇ ಒಂದು ಲೋಕ. ಕ್ರಿಕೆಟ್, ಲಗೋರಿ, ಕುಂಟಾಬಿಲ್ಲೆ, ಮುಟ್ಟಾಟ, ಏನಿಲ್ಲದಿದ್ದರೆ ಸುಮ್ಮನೆ ಓಟ. ಅದೇ ಹೊತ್ತಿಗೆ ಬೀದಿಯ ಯಾವುದೋ ಒಂದು ಮನೆಯ ಬಾಗಿಲು ತೆರೆಯುತ್ತದೆ. “ನಿಮಗೆ ಆಡಲು ಬೇರೆ ಜಾಗ ಇಲ್ವೇನ್ರೋ? ನಿಮ್ಮ ಅಪ್ಪ ಅಮ್ಮ ಏನು ಮಾಡ್ತಾ ಇದ್ದಾರೆ?” ಎಂಬ ಗದರಿಕೆ ಕೇಳಿ ಬರುತ್ತದೆ. ಅಂಗಳಕ್ಕೆ ಬಿದ್ದ ಚೆಂಡು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. “ಅಜ್ಜಾ, ಇದೊಂದು ಸಲ ಕೊಡಿ ಅಜ್ಜಾ” ಎಂದು ಗೇಟಿನ ಬಳಿ ನಿಂತು ಬೇಡುವ ಮಕ್ಕಳಿಗೆ ಉತ್ತರವಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದು ಎಷ್ಟು ಸಾಮಾನ್ಯವಾದ ದೃಶ್ಯವೆಂದರೆ ಇದರಲ್ಲಿ ಚರ್ಚಿಸಬೇಕಾದ ನೈತಿಕ ಪ್ರಶ್ನೆಯೊಂದಿದೆ ಎಂದು ಯಾರಿಗೂ ಅನಿಸುವುದಿಲ್ಲ. ಮಕ್ಕಳು ಗದ್ದಲ ಮಾಡುತ್ತಾರೆ, ಮುದುಕರು ಬೈಯುತ್ತಾರೆ, ಲೋಕ ನಡೆದು ಬಂದಿರುವುದೇ ಹಾಗೆ ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಸ್ವಲ್ಪ ಆಲೋಚಿಸಿದರೆ ಇಲ್ಲಿ ಎರಡು ಹಕ್ಕುಗಳು ಎದುರುಬದುರಾಗಿ ನಿಂತಿರುವುದು ಕಾಣುತ್ತದೆ. ತನ್ನ ಮನೆಯಲ್ಲಿ ನೆಮ್ಮದಿಯಿಂದಿರುವ ಹಿರಿಯರ ಹಕ್ಕು ಒಂದೆಡೆ. ಬಯಲಿನಲ್ಲಿ ಆಡಿ ಬೆಳೆಯುವ ಮಗುವಿನ ಹಕ್ಕು ಇನ್ನೊಂದೆಡೆ. ಇಬ್ಬರೂ ದುರ್ಬಲರು. ಇಬ್ಬರೂ ನಮ್ಮವರು. ಹೀಗಿರುವಾಗ ಯಾರು ಯಾರಿಗಾಗಿ ಎಷ್ಟು ಸಹಿಸಬೇಕು? ಸಹಿಸುವುದು ಬರೀ ಔದಾರ್ಯವೋ ಅಥವಾ ಕರ್ತವ್ಯವೋ?

ಇದು ನಮ್ಮ ಬೀದಿಯ ಸಮಸ್ಯೆ ಮಾತ್ರವಲ್ಲ

ಜಪಾನಿನ ನಗಾನೋ ನಗರದಲ್ಲಿ 2004ರಲ್ಲಿ ಮಕ್ಕಳಿಗಾಗಿ ಒಂದು ಪುಟ್ಟ ಆಟದ ಉದ್ಯಾನವನ್ನು ತೆರೆಯಲಾಗಿತ್ತು. ಹತ್ತಿರದ ನಿವಾಸಿಗಳಿಂದ ಗದ್ದಲದ ಬಗ್ಗೆ ದೂರು ಬರುತ್ತಲೇ ಇತ್ತು. ಕೊನೆಗೆ 2023ರಲ್ಲಿ ನಗರಾಡಳಿತವು ಆ ಉದ್ಯಾನವನ್ನೇ ಮುಚ್ಚಿಬಿಟ್ಟಿತು. ಈ ನಿರ್ಧಾರದ ಸುದ್ದಿ ಹರಡಿದಾಗ ಜಪಾನಿನಾದ್ಯಂತ ಬಿಸಿಬಿಸಿ ಚರ್ಚೆ ನಡೆಯಿತು. ಜನಸಂಖ್ಯೆಯಲ್ಲಿ ವೃದ್ಧರ ಪ್ರಮಾಣ ಅತ್ಯಧಿಕವಾಗಿರುವ, ಹುಟ್ಟುವ ಮಕ್ಕಳ ಸಂಖ್ಯೆ ವರ್ಷ ವರ್ಷವೂ ಕುಸಿಯುತ್ತಿರುವ ದೇಶವದು. ಮಕ್ಕಳಿಲ್ಲವೆಂದು ಕೊರಗುವ ನಾಡಿನಲ್ಲೇ ಇರುವ ಮಕ್ಕಳ ದನಿ ಭಾರವಾಯಿತು ಎಂಬುದು ಎಂಥ ವಿಪರ್ಯಾಸ! ಅದಕ್ಕೂ ಮೊದಲು 2015ರಲ್ಲಿ ಟೋಕಿಯೋ ಆಡಳಿತವು ತನ್ನ ಶಬ್ದ ನಿಯಂತ್ರಣ ನಿಯಮವನ್ನು ತಿದ್ದಿ, ಶಾಲೆಗೆ ಹೋಗುವ ವಯಸ್ಸಾಗದ ಪುಟ್ಟ ಮಕ್ಕಳ ದನಿಯನ್ನು ಅದರ ವ್ಯಾಪ್ತಿಯಿಂದ ಹೊರಗಿಡಬೇಕಾಗಿ ಬಂದಿತ್ತು.

ಜರ್ಮನಿಯ ಕಥೆಯೂ ಇಂಥದೇ. ಅಲ್ಲಿ ಶಿಶುವಿಹಾರಗಳ ಮತ್ತು ಆಟದ ಬಯಲುಗಳ ವಿರುದ್ಧ ನೆರೆಯವರು ನ್ಯಾಯಾಲಯದ ಮೆಟ್ಟಿಲೇರುವುದು ಹೆಚ್ಚಾದಾಗ, 2011ರಲ್ಲಿ ಸಂಸತ್ತು ಕಾನೂನಿಗೆ ತಿದ್ದುಪಡಿ ತಂದಿತು. ಆಟದ ಬಯಲು, ಶಿಶುವಿಹಾರ ಮುಂತಾದೆಡೆ ಮಕ್ಕಳಿಂದ ಹೊರಡುವ ಸದ್ದನ್ನು ಸಾಮಾನ್ಯವಾಗಿ ಪರಿಸರಕ್ಕೆ ಹಾನಿಕರವೆಂದು ಪರಿಗಣಿಸತಕ್ಕದ್ದಲ್ಲ, ಕಾರ್ಖಾನೆಯ ಯಂತ್ರವನ್ನು ಅಳೆಯುವ ಅಳತೆಗೋಲಿನಿಂದ ಅದನ್ನು ಅಳೆಯತಕ್ಕದ್ದಲ್ಲ ಎಂಬುದು ಆ ತಿದ್ದುಪಡಿಯ ಸಾರ. ಮಗುವಿನ ನಗುವೂ ಯಂತ್ರದ ಗರಗರ ಸದ್ದೂ ಒಂದೇ ಅಲ್ಲವೆಂದು ಹೇಳಲು ಒಂದು ಮುಂದುವರಿದ ದೇಶದ ಸಂಸತ್ತೇ ಸೇರಬೇಕಾಯಿತು.

ನಮ್ಮಲ್ಲಿಯೂ ಪರಿಸ್ಥಿತಿ ಆ ಕಡೆಗೇ ವಾಲುತ್ತಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕಾನೂನಿನ ಹೋರಾಟ ನಡೆಸಿದ್ದರು. 1991ರಲ್ಲಿ ಸುಪ್ರೀಮ್ ಕೋರ್ಟು ಆ ಹಂಚಿಕೆಯನ್ನು ಎತ್ತಿ ಹಿಡಿಯಲಿಲ್ಲ. ಮಕ್ಕಳಿಗೆ ಆಡಲು, ಹಿರಿಯರಿಗೆ ಅಡ್ಡಾಡಲು ಬಯಲು ಬೇಕೆಂಬುದನ್ನು ಆ ತೀರ್ಪು ಮನಗಂಡಿತ್ತು. ಆದರೆ ಹಾಗೆ ಉಳಿದುಬಂದ ಉದ್ಯಾನಗಳಲ್ಲಿ ಇಂದು ಅನೇಕ ಕಡೆ ಚೆಂಡಾಟ ನಿಷೇಧಿಸಲಾಗಿದೆ ಎಂಬ ಫಲಕ ನೇತಾಡುತ್ತಿದೆ. ಬಯಲು ಉಳಿಯಿತು, ಅಡ್ಡಾಡುವವರಿಗೆ ಮಾತ್ರ ಉಳಿಯಿತು. ವಸತಿ ಸಮುಚ್ಚಯಗಳಲ್ಲಿ ಸಂಘದ ನಿಯಮ, ಬಾಡಿಗೆ ಮನೆಗಳಲ್ಲಿ ಮಾಲಕರ ಷರತ್ತು. ಮಕ್ಕಳು ಎಷ್ಟು ಮಂದಿ ಎಂದು ಕೇಳಿದ ಮೇಲೆಯೇ ಮನೆಯ ಬೀಗದ ಕೈ ಕೊಡುವವರಿದ್ದಾರೆ. ಎರಡೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಬೀದಿಯೇ ಅಂಗಳ. ಅದನ್ನೂ ಮುಚ್ಚಿದರೆ ಅದು ಎಲ್ಲಿಗೆ ಹೋಗಬೇಕು?

ಹಿರಿಯರ ಮಾತಿನಲ್ಲೂ ನ್ಯಾಯವಿದೆ

ಈ ವಿಷಯದಲ್ಲಿ ಹಿರಿಯರನ್ನು ಖಳರನ್ನಾಗಿ ಚಿತ್ರಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ವಯಸ್ಸಾದಂತೆ ಕಿವಿ ಮಂದವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಮಂದವಾದ ಕಿವಿಗೆ ಸಣ್ಣ ಮಾತು ಕೇಳಿಸದಿದ್ದರೂ ದೊಡ್ಡ ಸದ್ದು ಮಾಮೂಲಿಗಿಂತ ಹೆಚ್ಚು ಚುಚ್ಚುವುದುಂಟು ಎಂಬುದು ಹಲವರಿಗೆ ಗೊತ್ತಿಲ್ಲ. “ಕರೆದರೆ ಕೇಳಿಸದ ಅಜ್ಜನಿಗೆ ಮಕ್ಕಳ ಕಿರುಚಾಟ ಮಾತ್ರ ಹೇಗೆ ಕೇಳಿಸುತ್ತದೆ?” ಎಂದು ನಗುವ ಸೊಸೆಯಂದಿರು ಇದನ್ನು ತಿಳಿದಿರಬೇಕು. ಅದು ನಟನೆಯಲ್ಲ, ದೇಹದ ಧರ್ಮ. ವೃದ್ಧರ ರಾತ್ರಿಯ ನಿದ್ದೆ ತುಂಡುತುಂಡಾಗಿರುತ್ತದೆ. ಮಧ್ಯಾಹ್ನದ ಕಣ್ಣು ಮುಚ್ಚಾಟವೇ ಅವರಿಗೆ ಆಸರೆ. ಇನ್ನು, ಹತ್ತು ವರ್ಷದ ಹುಡುಗ ಬಿದ್ದರೆ ಮಂಡಿ ತರಚುತ್ತದೆ. ಎಪ್ಪತ್ತೈದರ ಅಜ್ಜಿಗೆ ಓಡುವ ಮಗು ಢಿಕ್ಕಿ ಹೊಡೆದು ಸೊಂಟದ ಮೂಳೆ ಮುರಿದರೆ ಆಕೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಅವರ ಗದರಿಕೆಯ ಹಿಂದೆ ಹೀಗೆ ಅನೇಕ ಬಾರಿ ಭಯವಿರುತ್ತದೆ.

ಇದರ ಜೊತೆ ಹೆತ್ತವರ ನಿರ್ಲಕ್ಷ್ಯವೂ ಸೇರಿಕೊಳ್ಳುತ್ತದೆ. ಮಕ್ಕಳನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡು ತಾವು ಟಿ.ವಿ. ಮುಂದೆ ಕೂರುವವರಿದ್ದಾರೆ. ನೆರೆಮನೆಯಲ್ಲಿ ರೋಗಿಯಿದ್ದಾರೆ, ಪಕ್ಕದ ಹುಡುಗಿಗೆ ನಾಳೆ ಪರೀಕ್ಷೆಯಿದೆ ಎಂಬ ಪರಿವೆಯೇ ಇಲ್ಲದ ಮಕ್ಕಳಿದ್ದಾರೆ. ಪರಿವೆ ತಾನಾಗಿ ಬರುವುದಿಲ್ಲ, ಕಲಿಸಬೇಕು. ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶಗಳಲ್ಲಿ ದನಿಯನ್ನು ತಗ್ಗಿಸಬೇಕೆಂಬುದೂ ಒಂದಾಗಿತ್ತೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (31:19). ಆ ಉಪದೇಶ ಮಾಡಿದ್ದು ತಂದೆ ಎಂಬುದನ್ನು ಗಮನಿಸಬೇಕು. ತಂದೆ ಪ್ರೀತಿಯಿಂದ ಕಲಿಸದೆ ಬಿಟ್ಟದ್ದನ್ನು ನೆರೆಯವರು ಸಿಟ್ಟಿನಿಂದ ಕಲಿಸಬೇಕಾಗುತ್ತದೆ.

ಕಿರಿಕಿರಿಯೂ ಹಾನಿಯೂ ಒಂದೇ ಅಲ್ಲ

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನನಗೆ ಹಿಡಿಸದ್ದೆಲ್ಲವೂ ನನಗಾದ ಅನ್ಯಾಯವೇ? ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗಿದೆ. ಒಂದು, ಹಾನಿ. ಕಿಟಕಿಯ ಗಾಜು ಒಡೆಯುವುದು, ರೋಗಿಯ ನಿದ್ದೆ ಕೆಡುವುದು, ನಡೆದಾಡುವ ವೃದ್ಧರಿಗೆ ಪೆಟ್ಟಾಗುವುದು ಇದಕ್ಕೆ ಸೇರಿದವು. ಎರಡು, ಕಿರಿಕಿರಿ. ಕೂಗು, ಜಗಳ, ಬಾರಿ ಬಾರಿಗೂ ಅಂಗಳಕ್ಕೆ ಬೀಳುವ ಚೆಂಡು ಇಂಥವು. ಮೂರು, ಬರೀ ಅಸಹನೆ. ಮಕ್ಕಳು ಅಲ್ಲಿದ್ದಾರೆ ಎಂಬುದೇ ಸಹಿಸಲಾಗದ ಸ್ಥಿತಿ. ಮೊದಲನೆಯದನ್ನು ತಡೆಯುವ ಹಕ್ಕು ನೆರೆಯವರಿಗಿದೆ. ಯಾರೂ ಯಾರಿಗೂ ಹಾನಿ ಮಾಡಕೂಡದು, ಹಾನಿಗೆ ಪ್ರತಿಯಾಗಿ ಹಾನಿಯೂ ಸಲ್ಲದು ಎಂಬ ಪ್ರವಾದಿ(ಸ) ವಚನವು ಇಸ್ಲಾಮೀ ಧರ್ಮಶಾಸ್ತ್ರದ ಒಂದು ಮೂಲ ಸೂತ್ರವೇ ಆಗಿದೆ. ಎರಡನೆಯದು ಮಾತುಕತೆಯಿಂದ ಬಗೆಹರಿಯಬೇಕಾದ ವಿಷಯ. ಮೂರನೆಯದಕ್ಕೆ ಮದ್ದು ಬೀದಿಯಲ್ಲಿಲ್ಲ, ನಮ್ಮ ಹೃದಯದಲ್ಲಿದೆ. ಸಮಸ್ಯೆಯೇನೆಂದರೆ ನಾವು ಎರಡನೆಯದನ್ನೂ ಮೂರನೆಯದನ್ನೂ ಮೊದಲನೆಯದರ ಹೆಸರಿನಲ್ಲಿ ಮುಂದಿಡುತ್ತೇವೆ.

ನಮ್ಮ ಅಸಹನೆ ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಇದೇ ಸದ್ದು ರಜೆಗೆ ಬಂದ ಸ್ವಂತ ಮೊಮ್ಮಕ್ಕಳದ್ದಾಗಿದ್ದರೆ ನನಗೆ ಹೇಗೆ ಕೇಳಿಸುತ್ತಿತ್ತು? ಆಗ ಅದು ಮನೆ ತುಂಬಿದ ಸಂಭ್ರಮ, ಈಗ ತಲೆನೋವು ಎಂದಾದರೆ ದೋಷ ಸದ್ದಿನದಲ್ಲ. ಎರಡನೆಯ ಪರೀಕ್ಷೆ ಇನ್ನೂ ಕಠಿಣವಾದುದು. ನಮ್ಮ ಬೀದಿಯಲ್ಲಿ ವಾಹನಗಳು ಹಗಲಿರುಳು ಹಾರ್ನ್ ಬಾರಿಸುತ್ತವೆ. ಮದುವೆ ಮನೆಯ ಧ್ವನಿವರ್ಧಕ ನಡುರಾತ್ರಿಯವರೆಗೂ ಕೂಗುತ್ತದೆ. ಕಟ್ಟಡ ಕಟ್ಟುವವರು ಬೆಳಗಿನಿಂದ ಕಲ್ಲು ಕೊರೆಯುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಮಿತಿ ಹಾಕಿವೆ. ಅದನ್ನು ಮೀರುವ ಈ ಸದ್ದುಗಳ ವಿರುದ್ಧ ಬಾಗಿಲು ತೆರೆದು ಗದರುವವರು ಎಷ್ಟು ಮಂದಿ? ಮದುವೆ ಮನೆಯವರು ಪ್ರತಿಷ್ಠಿತರು, ವಾಹನದವರು ಜಗಳಗಂಟರು, ಕಟ್ಟಡದವರು ಹಣವಂತರು. ಮಕ್ಕಳು ಮಾತ್ರ ಬೈದರೆ ಓಡಿಹೋಗುವವರು. ಯಾರಿಂದ ಹೆಚ್ಚು ತೊಂದರೆಯೋ ಅವರನ್ನಲ್ಲ, ಯಾರು ತಿರುಗಿ ಮಾತಾಡಲಾರರೋ ಅವರನ್ನು ಗದರಿಸುವುದು ಶಾಂತಿಪ್ರಿಯತೆ ಹೇಗಾದೀತು?

ಮದೀನದ ಬೀದಿಗಳಲ್ಲಿ

ಪ್ರವಾದಿ ಮುಹಮ್ಮದ್(ಸ)ರ ಕಾಲದ ಮದೀನದ ಬೀದಿಗಳಲ್ಲಿ ಮಕ್ಕಳು ಆಡುತ್ತಿದ್ದರು. ಅವರ ಪಕ್ಕದಲ್ಲಿ ಹಾದು ಹೋಗುವಾಗ ಪ್ರವಾದಿವರ್ಯರು(ಸ) ತಾವೇ ಮೊದಲಾಗಿ ಅವರಿಗೆ ಸಲಾಮ್ ಹೇಳುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಒಂದು ರಾಷ್ಟ್ರದ ನಾಯಕರು, ಲೋಕಕ್ಕೆ ಗುರುಗಳು, ಆಡುವ ಮಕ್ಕಳಿಗೆ ಸಲಾಮ್ ಹೇಳಿ ಮುಂದೆ ಸಾಗುತ್ತಾರೆ! ನಾವಾದರೋ ಅವರು ನಮಗೆ ಸಲಾಮ್ ಹೇಳಲಿಲ್ಲವೆಂದು ದೂರುತ್ತೇವೆ.

ಅನಸ್(ರ) ಸ್ವತಃ ತಮ್ಮ ಬಾಲ್ಯದ ಒಂದು ಘಟನೆಯನ್ನು ಹೇಳಿದ್ದಾರೆ. ಪ್ರವಾದಿವರ್ಯರು(ಸ) ಅವರನ್ನು ಯಾವುದೋ ಕೆಲಸಕ್ಕೆ ಕಳುಹಿಸಿದ್ದರು. ದಾರಿಯಲ್ಲಿ ಹುಡುಗರು ಆಡುತ್ತಿದ್ದುದನ್ನು ಕಂಡು ಅವರು ಅಲ್ಲೇ ನಿಂತುಬಿಟ್ಟರು. ಸ್ವಲ್ಪ ಹೊತ್ತಿಗೆ ಯಾರೋ ಹಿಂದಿನಿಂದ ಕತ್ತು ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಾ ನಿಂತಿದ್ದರು. ಹೇಳಿದ ಕಡೆಗೆ ಹೋದೆಯಾ ಎಂದು ಅಕ್ಕರೆಯಿಂದ ಹೆಸರು ಕರೆದು ಕೇಳಿದರು. ಇಲ್ಲಿ ಮಗು ತಪ್ಪು ಮಾಡಿದೆ, ಕೆಲಸ ಮರೆತಿದೆ. ಆದರೂ ಗದರಿಕೆಯಿಲ್ಲ. ಕೆಲಸದ ನೆನಪು ಮಾಡಿಸಿದ್ದೂ ಉಂಟು, ನಗು ಮಾಸದಿದ್ದುದೂ ಉಂಟು. ಶಿಸ್ತೂ ಪ್ರೀತಿಯೂ ಒಂದಕ್ಕೊಂದು ವಿರುದ್ಧವಾದವುಗಳಲ್ಲ ಎಂಬುದಕ್ಕೆ ಇದಕ್ಕಿಂತ ಸುಂದರ ಪಾಠ ಬೇಕೇ?

ನಮಾಝ್‌ನ ವಿಷಯದಲ್ಲೂ ಹಾಗೆಯೇ. ಪ್ರವಾದಿವರ್ಯರು(ಸ) ಸುಜೂದ್‌ನಲ್ಲಿದ್ದಾಗ ಮೊಮ್ಮಗು ಬೆನ್ನೇರಿ ಕುಳಿತಿತು. ಅದು ತಾನಾಗಿ ಇಳಿಯುವವರೆಗೂ ಅವರು ಸುಜೂದನ್ನು ದೀರ್ಘಗೊಳಿಸಿದರು. ಇನ್ನೊಮ್ಮೆ ಮಗುವಿನ ಅಳು ಕೇಳಿ ತಾಯಿಗೆ ಕಳವಳವಾದೀತೆಂದು ನಮಾಝನ್ನೇ ಸಂಕ್ಷಿಪ್ತಗೊಳಿಸಿದರು. ಮಗುವಿಗಾಗಿ ಒಮ್ಮೆ ಆರಾಧನೆ ದೀರ್ಘವಾಯಿತು, ಒಮ್ಮೆ ಚಿಕ್ಕದಾಯಿತು. ಮಗು ಆರಾಧನೆಗೆ ಅಡ್ಡಿಯೆಂದು ಮಾತ್ರ ಎಣಿಸಲ್ಪಡಲಿಲ್ಲ. ಇಂದು ನಮ್ಮ ಕೆಲವು ಮಸೀದಿಗಳಲ್ಲಿ ಪಿಸುಗುಟ್ಟಿದ ಮಕ್ಕಳನ್ನು ಹಿರಿಯರು ತೋಳು ಹಿಡಿದು ಹೊರಗಟ್ಟುತ್ತಾರೆ. ಎಂಟರ ವಯಸ್ಸಿನಲ್ಲಿ ಹೊರಗಟ್ಟಿಸಿಕೊಂಡ ಹುಡುಗ ಹದಿನೆಂಟರಲ್ಲಿ ಒಳಗೆ ಬರಲಿಲ್ಲವೇಕೆ ಎಂದು ಆಮೇಲೆ ಅವರೇ ಸಭೆ ಸೇರಿ ಚರ್ಚಿಸುತ್ತಾರೆ.

ಅಬಿಸೀನಿಯದವರು ಮಸೀದಿಯಲ್ಲೇ ಈಟಿಯಾಟ ಆಡುತ್ತಿದ್ದಾಗ ಉಮರ್(ರ) ಅವರನ್ನು ತಡೆಯಲು ಹರಳು ಕಲ್ಲುಗಳನ್ನು ಎತ್ತಿಕೊಂಡರೆಂದೂ, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿ(ಸ) ಹೇಳಿದರೆಂದೂ ಹದೀಸ್‌ನಲ್ಲಿದೆ. ಗಂಭೀರ ಸ್ವಭಾವದವರಿಗೆ ಆಟ ಕಂಡರೆ ಕಲ್ಲೆತ್ತಿಕೊಳ್ಳುವಂತಾಗುವುದು ಹೊಸದೇನಲ್ಲ. ಆ ಕೈಯನ್ನು ತಡೆದವರು ಯಾರೆಂಬುದನ್ನು ನೆನಪಿಡಬೇಕು.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಸಹೋದರರು ಯೂಸುಫ್(ಅ)ರನ್ನು ಕರೆದೊಯ್ಯಲು ತಂದೆಯ ಮುಂದಿಟ್ಟ ನೆಪ ಆಟದ್ದು. ನಾಳೆ ನಮ್ಮೊಂದಿಗೆ ಬಂದು ತಿಂದುಂಡು ಆಡಲಿ ಎಂಬುದು (12:12). ಅವರ ಉದ್ದೇಶ ಕೆಟ್ಟದಾಗಿತ್ತು. ಆದರೆ ವೃದ್ಧ ಪ್ರವಾದಿ ಯಾಕೂಬ್(ಅ) ಆಟವನ್ನು ಆಕ್ಷೇಪಿಸಲಿಲ್ಲ. ಮಗನ ಅಗಲಿಕೆಯ ದುಃಖವನ್ನೂ ತೋಳದ ಭಯವನ್ನೂ ಮಾತ್ರ ಹೇಳಿಕೊಂಡರು. ಮಗುವಿಗೆ ಬಯಲಿನ ಆಟ ಬೇಕೆಂಬುದು ಅವರಿಗೆ ವಾದಿಸಬೇಕಾದ ವಿಷಯವೇ ಆಗಿರಲಿಲ್ಲ.

ಒಳಗಟ್ಟಿದ ಮಕ್ಕಳು

ಬೀದಿಯಿಂದ ಓಡಿಸಿದ ಮಕ್ಕಳು ಮಾಯವಾಗುವುದಿಲ್ಲ. ಒಳಗೆ ಹೋಗುತ್ತಾರೆ. ಒಳಗೆ ಹೋದವರು ಪುಸ್ತಕ ಹಿಡಿಯುತ್ತಾರೆಂಬುದು ನಮ್ಮ ಭ್ರಮೆ. ಅವರ ಕೈಗೆ ಸಿಗುವುದು ಮೊಬೈಲ್. ಬೀದಿ ಮೌನವಾಗುತ್ತದೆ, ಆ ಮೌನದ ಬೆಲೆಯನ್ನು ಮಗು ತನ್ನ ದೇಹದಿಂದ ತೆರುತ್ತದೆ. 5ರಿಂದ 17ರ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಂದನೇ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. ಮೂರು ವರ್ಷಗಳ ಬಳಿಕ ನೋಡಿದಾಗ, ಹಾಗೆ ಹೊರಗೆ ಬಿಡದ ಶಾಲೆಗಳಲ್ಲಿ 39.5 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ಹೊರಗೆ ಬಿಟ್ಟ ಮಕ್ಕಳಲ್ಲಿ ಅದು 30.4 ಶೇಕಡಾ ಇತ್ತು. ಬರೀ ಹಗಲ ಬೆಳಕಿನಲ್ಲಿ ಇರುವುದರಿಂದಲೇ ಇಷ್ಟು ಲಾಭ!

ದೇಹದ ಮಾತು ಹಾಗಿರಲಿ. ಲಗೋರಿಯ ಕಲ್ಲು ಜೋಡಿಸುವಾಗ, ಔಟೋ ಅಲ್ಲವೋ ಎಂದು ವಾದಿಸುವಾಗ, ಚಿಕ್ಕವನೆಂದು ಇನ್ನೊಂದು ಅವಕಾಶ ಕೊಡುವಾಗ ಮಕ್ಕಳು ಕಲಿಯುವುದು ನ್ಯಾಯವನ್ನು. ಸೋತು ನಗುವುದನ್ನು ಯಾವ ಪಠ್ಯಪುಸ್ತಕ ಕಲಿಸೀತು? ಬೇರೆ ಧರ್ಮದ, ಬೇರೆ ಭಾಷೆಯ ಮನೆಯ ಮಕ್ಕಳೊಂದಿಗೆ ನಮ್ಮ ಮಕ್ಕಳು ಬೆರೆಯುವುದು ಬಹುಮಟ್ಟಿಗೆ ಇದೇ ಬೀದಿಯಲ್ಲಿ. ದೊಡ್ಡವರಾದ ಮೇಲೆ ಸೌಹಾರ್ದ ಸಭೆಗಳಲ್ಲಿ ನಾವು ಕಷ್ಟಪಟ್ಟು ಕಟ್ಟಲು ನೋಡುವುದನ್ನು ಮಕ್ಕಳು ಒಂದು ರಬ್ಬರ್ ಚೆಂಡಿನಿಂದ ಕಟ್ಟಿಬಿಡುತ್ತಾರೆ. ಇಮಾಮ್ ಗಝಾಲಿ (ನಿಧನ ಕ್ರಿ.ಶ. 1111) ಮಕ್ಕಳ ಶಿಕ್ಷಣದ ಬಗ್ಗೆ ಬರೆಯುತ್ತಾ, ಪಾಠ ಮುಗಿಸಿ ಬಂದ ಮಗುವಿಗೆ ದಣಿವಾರುವಂತೆ ಒಳ್ಳೆಯ ಆಟವಾಡಲು ಬಿಡಬೇಕೆಂದೂ, ಆಟವನ್ನು ತಡೆದು ಸದಾ ಓದಿನಲ್ಲೇ ತೊಡಗಿಸಿದರೆ ಅದರ ಹೃದಯ ಸತ್ತು ಬುದ್ಧಿ ಮಂಕಾಗುತ್ತದೆಂದೂ ಎಚ್ಚರಿಸಿದ್ದಾರೆ. ಒಂಬತ್ತು ಶತಮಾನಗಳ ಹಿಂದಿನ ಈ ಮಾತನ್ನು ಆಧುನಿಕ ಜಗತ್ತು ಇತ್ತೀಚೆಗಷ್ಟೇ ಬರವಣಿಗೆಗೆ ಇಳಿಸಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಸಾರುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಇಲ್ಲಿ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹುಡುಗರನ್ನು ಗದರಿಸಿದರೆ ಅವರು ಮುಂದಿನ ಬೀದಿಗೆ ಹೋಗಿ ಆಡುತ್ತಾರೆ. ಹುಡುಗಿಯರಿಗೆ ಮುಂದಿನ ಬೀದಿಯಿಲ್ಲ. “ಇಷ್ಟು ದೊಡ್ಡ ಹುಡುಗಿ ಬೀದಿಯಲ್ಲಿ ಓಡುತ್ತಾಳಲ್ಲ” ಎಂದು ನೆರೆಯ ಅಜ್ಜಿ ಆಡಿದ ಒಂದು ಮಾತಿಗೆ ಎಂಟು ವರ್ಷದ ಮಗುವಿನ ಬಾಲ್ಯವೇ ಮುಗಿದುಹೋಗುತ್ತದೆ. ಆಯಿಷಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದಾಗ ಪ್ರವಾದಿವರ್ಯರನ್ನು(ಸ) ಕಂಡು ಅಡಗಿಕೊಂಡ ಗೆಳತಿಯರನ್ನು ಅವರೇ ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರೆಂಬುದನ್ನು ಆ ಅಜ್ಜಿಗೆ ಯಾರಾದರೂ ಹೇಳಬೇಕು.

ಹಗಲಿನ ಹೊಣೆ, ರಾತ್ರಿಯ ಹೊಣೆ

ಹಾಗಾದರೆ ಈ ಎರಡು ಹಕ್ಕುಗಳ ನಡುವೆ ಗೆರೆ ಎಳೆಯುವುದು ಹೇಗೆ? ಹದೀಸ್ ಗ್ರಂಥಗಳಲ್ಲಿ ಒಂದು ಪ್ರಕರಣವಿದೆ. ಬರಾ ಬಿನ್ ಆಝಿಬ್(ರ)ರ ಒಂಟೆಯೊಂದು ಬೇರೆಯವರ ತೋಟಕ್ಕೆ ನುಗ್ಗಿ ಹಾಳುಮಾಡಿತು. ಪ್ರವಾದಿವರ್ಯರು(ಸ) ಕೊಟ್ಟ ತೀರ್ಪು ಹೀಗಿತ್ತು: ಹಗಲಿನಲ್ಲಿ ತೋಟವನ್ನು ಕಾಯುವ ಹೊಣೆ ತೋಟದವರದ್ದು. ರಾತ್ರಿಯಲ್ಲಿ ಜಾನುವಾರುಗಳನ್ನು ಕಟ್ಟಿಹಾಕುವ ಹೊಣೆ ಅವುಗಳ ಒಡೆಯರದ್ದು. ಮಕ್ಕಳನ್ನು ಜಾನುವಾರುಗಳಿಗೆ ಹೋಲಿಸುವುದು ಇಲ್ಲಿನ ಉದ್ದೇಶವಲ್ಲ, ಇದರಿಂದ ಧರ್ಮವಿಧಿ ಹೇಳುವುದೂ ಅಲ್ಲ. ಆದರೆ ಇದರೊಳಗಿನ ತತ್ವವನ್ನು ಗಮನಿಸಿರಿ. ಹಗಲು ಜೀವಗಳು ಅಡ್ಡಾಡುವ ಸಮಯ. ಆಗ ಸಹಿಸುವ, ಎಚ್ಚರ ವಹಿಸುವ ಭಾರ ಮನೆಯಲ್ಲಿ ಕುಳಿತವರ ಮೇಲೆ ಹೆಚ್ಚು. ರಾತ್ರಿ ವಿಶ್ರಾಂತಿಯ ಸಮಯ. ಆಗ ಹತೋಟಿಯ ಭಾರ ಹೊರಗೆ ಇರುವವರ ಮೇಲೆ ಹೆಚ್ಚು. ಹಕ್ಕು ಇಬ್ಬರಿಗೂ ಇದೆ. ಹೊತ್ತಿಗೆ ತಕ್ಕಂತೆ ಭಾರ ಕೈ ಬದಲಾಗುತ್ತದೆ.

ಕತ್ತಲಾವರಿಸುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂಬ ಪ್ರವಾದಿ(ಸ) ಬೋಧನೆಯೂ ಇದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳ ಹೊತ್ತು, ಮಗ್ರಿಬ್‌ನ ಬಾಂಗ್ ಆದೊಡನೆ ಮನೆ ಎಂಬ ನಮ್ಮ ಹಳೆಯ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಹಿರಿಯರದ್ದು. ಆಗ ಕಿಟಕಿಯಡಿ ಆಟ ಬೇಡ. ಬೀದಿಯಲ್ಲಿ ಕೂರುವವರು ಬೀದಿಯ ಹಕ್ಕನ್ನು ಸಲ್ಲಿಸಬೇಕೆಂದು ಹದೀಸ್‌ನಲ್ಲಿದೆ. ದಾರಿಹೋಕರಿಗೆ ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು ಅದರಲ್ಲಿ ಸೇರಿವೆ. ಆಡುವ ಮಕ್ಕಳಿಗೂ ಇಷ್ಟನ್ನು ಕಲಿಸಬಹುದು: ವಯಸ್ಸಾದವರು ಬರುವಾಗ ಆಟ ನಿಲ್ಲಲಿ, ಅವರು ದಾಟಿದ ಮೇಲೆ ಮುಂದುವರಿಯಲಿ. ಗಾಜು ಒಡೆದರೆ ಮಗು ಪಾಪಿಯಾಗುವುದಿಲ್ಲ. ಪ್ರಾಯಕ್ಕೆ ಬರುವ ತನಕ ಅದರ ಮೇಲೆ ಪಾಪ ಬರೆಯಲ್ಪಡುವುದಿಲ್ಲ. ಆದರೆ ಒಡೆದ ಗಾಜು ಒಡೆದದ್ದೇ. ತಂದೆ ಕರೆಯುವ ಮೊದಲೇ ಹೋಗಿ, ಮಗುವಿನಿಂದ ಕ್ಷಮೆ ಕೇಳಿಸಿ, ಬೆಲೆ ತೆತ್ತು ಬರಬೇಕು. ಹಾಗೆ ಹೋದ ಮನೆಯಲ್ಲಿ ಜಗಳ ಹುಟ್ಟುವುದು ಅಪರೂಪ. ಹೋಗದೆ, “ಮಕ್ಕಳಲ್ಲವೇ, ನಿಮಗೇನು ದೊಡ್ಡ ನಷ್ಟ?” ಎಂದು ಮಹಡಿಯಿಂದ ಕೂಗಿದರೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಸಲಾಮ್ ನಿಂತುಹೋಗುತ್ತದೆ. ಮೂರು ದಿನಕ್ಕಿಂತ ಹೆಚ್ಚು ಸಹೋದರನೊಂದಿಗೆ ಮಾತು ಬಿಡಬಾರದೆಂದು ಕಲಿತವರು ಒಂದು ಚೆಂಡಿಗಾಗಿ ಮೂರು ವರ್ಷ ಮುಖ ತಿರುಗಿಸುತ್ತಾರೆ.

ಇಮಾಮರ ನೆರೆಯ ಚಮ್ಮಾರ

ನೆರೆಯವರ ಗದ್ದಲವನ್ನು ಸಹಿಸುವ ಬಗ್ಗೆ ನಮ್ಮ ಇತಿಹಾಸ ಗ್ರಂಥಗಳಲ್ಲಿ ಪ್ರಸಿದ್ಧವಾದ ಒಂದು ಕಥೆಯಿದೆ. ಕೂಫಾದಲ್ಲಿ ಇಮಾಮ್ ಅಬೂ ಹನೀಫಾರ ನೆರೆಯಲ್ಲಿ ಒಬ್ಬ ಚಮ್ಮಾರನಿದ್ದ. ಹಗಲು ದುಡಿಯುತ್ತಿದ್ದ, ರಾತ್ರಿ ಕುಡಿದು ಹಾಡುತ್ತಿದ್ದ. ಜನ ತನ್ನನ್ನು ಕಳೆದುಕೊಂಡರು, ಎಂಥ ಯುವಕನನ್ನು ಕಳೆದುಕೊಂಡರು ಎಂಬರ್ಥದ ಹಾಡದು. ರಾತ್ರಿಯಿಡೀ ನಮಾಝ್‌ನಲ್ಲಿರುತ್ತಿದ್ದ ಇಮಾಮರು ಅದನ್ನು ದಿನವೂ ಕೇಳುತ್ತಿದ್ದರು. ಒಂದು ರಾತ್ರಿ ಹಾಡು ಕೇಳಿಸಲಿಲ್ಲ. ವಿಚಾರಿಸಿದಾಗ ಕಾವಲಿನವರು ಅವನನ್ನು ಹಿಡಿದೊಯ್ದಿದ್ದರೆಂದು ತಿಳಿಯಿತು. ಇಮಾಮರು ಸ್ವತಃ ರಾಜ್ಯಪಾಲನ ಬಳಿಗೆ ಹೋಗಿ ಅವನನ್ನು ಬಿಡಿಸಿಕೊಂಡು ಬಂದರು. ದಾರಿಯಲ್ಲಿ ಅವನನ್ನು, ಯುವಕನೇ, ನಾವು ನಿನ್ನನ್ನು ಕಳೆದುಕೊಂಡೆವೇ ಎಂದು ಕೇಳಿದರಂತೆ. ಆತ ಕುಡಿತ ಬಿಟ್ಟನೆಂದು ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದುದು ತಾಳ್ಮೆಯೊಂದನ್ನೇ ಅಲ್ಲ. ಇಮಾಮರಿಗೆ ಆ ಸದ್ದು ಇಷ್ಟವಾಗಿರಲು ಸಾಧ್ಯವಿಲ್ಲ. ಅಲ್ಲಿ ಪಾಪವೂ ಇತ್ತು. ಆದರೆ ಅವರು ಸದ್ದನ್ನು ಮಾತ್ರ ಕೇಳುತ್ತಿರಲಿಲ್ಲ, ಸದ್ದಿನ ಹಿಂದಿದ್ದ ಮನುಷ್ಯನನ್ನು ಕೇಳುತ್ತಿದ್ದರು. ಆದ್ದರಿಂದಲೇ ಸದ್ದು ನಿಂತಾಗ ಅವರಿಗೆ ನೆಮ್ಮದಿಯಾಗಲಿಲ್ಲ, ಕಳವಳವಾಯಿತು. ನಮ್ಮ ಬೀದಿಯ ಮಕ್ಕಳ ದನಿಯಲ್ಲಿ ಪಾಪವೂ ಇಲ್ಲ, ಮದ್ಯವೂ ಇಲ್ಲ. ಆದರೂ ಅದು ನಿಂತ ದಿನ ನಮಗೆ ಸಮಾಧಾನವಾಗುತ್ತದೆ. ನಾವು ಕೇಳುತ್ತಿರುವುದು ಸದ್ದನ್ನು ಮಾತ್ರ.

ರಾತ್ರಿ ನಮಾಝ್ ಮಾಡುವ, ಹಗಲು ಉಪವಾಸವಿರುವ, ಆದರೆ ನಾಲಗೆಯಿಂದ ನೆರೆಯವರನ್ನು ನೋಯಿಸುವ ಸ್ತ್ರೀಯ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದಾಗ ಅವಳಲ್ಲಿ ಒಳಿತಿಲ್ಲವೆಂದು ಹೇಳಿದರೆಂಬ ಹದೀಸ್ ನಮಗೆಲ್ಲ ಗೊತ್ತು. ನೆರೆಯವರೆಂದರೆ ಮನೆಯ ಯಜಮಾನ ಮಾತ್ರವೆಂದು ನಾವು ಭಾವಿಸಿದ್ದೇವೆ. ಆ ಮನೆಯ ಆರು ವರ್ಷದ ಮಗುವೂ ನೆರೆಯವನೇ ತಾನೇ? ಅದಕ್ಕೂ ನಮ್ಮ ಮೇಲೆ ಹಕ್ಕಿದೆ. ಅದು ದೊಡ್ಡವರ ಸಭೆಗೆ ಬಂದು ತನ್ನ ಹಕ್ಕನ್ನು ಕೇಳಲಾರದು ಎಂಬುದರಿಂದ ಹಕ್ಕು ಕಡಿಮೆಯಾಗುವುದಿಲ್ಲ. ನಮ್ಮ ಹೊಣೆ ಹೆಚ್ಚಾಗುತ್ತದೆ.

ಸಹಿಸುವುದು ಸಾಲವೂ ಹೌದು

ಆರಂಭದ ಪ್ರಶ್ನೆಗೆ ಬರೋಣ. ಸಹಿಸುವುದು ಔದಾರ್ಯವೋ, ಕರ್ತವ್ಯವೋ? ಮನುಷ್ಯನನ್ನು ದೌರ್ಬಲ್ಯದಿಂದ ಸೃಷ್ಟಿಸಿ, ಆ ಬಳಿಕ ಶಕ್ತಿ ಕೊಟ್ಟು, ಶಕ್ತಿಯ ಬಳಿಕ ಮತ್ತೆ ದೌರ್ಬಲ್ಯವನ್ನೂ ನರೆಯನ್ನೂ ಕೊಡುವವನು ಅಲ್ಲಾಹನೆಂದು ಪವಿತ್ರ ಕುರ್‌ಆನ್ ಹೇಳುತ್ತದೆ (30:54). ಮಗುವೂ ಮುದುಕನೂ ಒಂದೇ ದಾರಿಯ ಎರಡು ತುದಿಗಳಲ್ಲಿ ನಿಂತವರು. ಇಂದು ಬಾಗಿಲಲ್ಲಿ ಗದರುವವರು ಅರವತ್ತು ವರ್ಷಗಳ ಹಿಂದೆ ಯಾರದೋ ಅಂಗಳದಲ್ಲಿ ಕೂಗಾಡಿದವರೇ. ಆಗ ಯಾರೋ ಸಹಿಸಿದ್ದರು. ಅದು ಅವರು ಪಡೆದ ಸಾಲ. ಸಾಲ ಕೊಟ್ಟವರು ಈಗ ಕಬರಸ್ಥಾನದಲ್ಲಿದ್ದಾರೆ, ಅವರಿಗೆ ತೀರಿಸಲಾಗದು. ಬೀದಿಯಲ್ಲಿ ಆಡುತ್ತಿರುವ ಈ ಮಕ್ಕಳಿಗೆ ಮಾತ್ರ ತೀರಿಸಬಹುದು. ಹಾಗೆಯೇ ಇಂದು ಆಡುವವರು ನಾಳೆ ತುಂಡು ನಿದ್ದೆಯ, ಮಂದ ಕಿವಿಯ ಹಿರಿಯರಾಗುತ್ತಾರೆ. ಚಿಕ್ಕವರಿಗೆ ಕರುಣೆ ತೋರದವರೂ ದೊಡ್ಡವರನ್ನು ಗೌರವಿಸದವರೂ ನಮ್ಮವರಲ್ಲ ಎಂಬ ಪ್ರವಾದಿ(ಸ) ವಚನದ ಒಂದು ಭಾಗವನ್ನು ಹಿರಿಯರು ಮಕ್ಕಳಿಗೆ ಓದಿ ಹೇಳುತ್ತಾರೆ, ಇನ್ನೊಂದು ಭಾಗವನ್ನು ಹೆತ್ತವರು ಹಿರಿಯರಿಗೆ ನೆನಪಿಸುತ್ತಾರೆ. ಪ್ರತಿಯೊಬ್ಬರೂ ತಮಗೆ ಅನ್ವಯಿಸುವ ಭಾಗವನ್ನು ತಾವೇ ಓದಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧಕ್ಕೆ ಸ್ವಲ್ಪ ಪ್ರಯತ್ನ ಬೇಕು. ಪ್ರತಿ ಮೊಹಲ್ಲಾದಲ್ಲೂ ಜಮಾಅತ್‌ನವರು, ಬೇರೆ ಧರ್ಮದ ನೆರೆಯವರನ್ನೂ ಕೂಡಿಸಿಕೊಂಡು, ಆಟದ ಹೊತ್ತನ್ನೂ ವಿಶ್ರಾಂತಿಯ ಹೊತ್ತನ್ನೂ ನಿಗದಿ ಮಾಡಬಹುದು. ಮಸೀದಿಯ ಅಥವಾ ಮದ್ರಸದ ಖಾಲಿ ಅಂಗಳವನ್ನು ಸಂಜೆಯ ಹೊತ್ತು ಮಕ್ಕಳಿಗೆ ಬಿಟ್ಟುಕೊಡಬಹುದು. ಹುಡುಗಿಯರಿಗೂ ಒಂದು ಸುರಕ್ಷಿತ ಜಾಗ ನೋಡಬಹುದು. ತಾಯಂದಿರು ಮಕ್ಕಳ ಕೈಯಲ್ಲೇ ಪಕ್ಕದ ಅಜ್ಜಿಗೆ ಒಂದು ಬಟ್ಟಲು ಪಾಯಸ ಕಳುಹಿಸಬಹುದು. ಹೆಸರು ಗೊತ್ತಿರುವ ಮಗುವಿನ ಕೂಗು, ಹೆಸರು ಗೊತ್ತಿಲ್ಲದ ಮಗುವಿನ ಕೂಗಿನಷ್ಟು ಚುಚ್ಚುವುದಿಲ್ಲ. ಹಿರಿಯರು ಬಾಗಿಲಲ್ಲಿ ನಿಂತು ಗದರುವ ಬದಲು ಜಗಲಿಯಲ್ಲಿ ಕುಳಿತು ಆಟ ನೋಡಿದರೆ ಔಟೋ ಅಲ್ಲವೋ ಎಂದು ತೀರ್ಪು ಕೇಳಲು ಮಕ್ಕಳು ಅವರ ಬಳಿಗೇ ಬರುತ್ತಾರೆ. ಒಂಟಿತನ ಕಾಡುವ ವಯಸ್ಸಿನಲ್ಲಿ ಅದು ಸಣ್ಣ ಲಾಭವಲ್ಲ.

ಒಳಗಿಟ್ಟುಕೊಂಡ ಚೆಂಡುಗಳು ಯಾರ ಮನೆಯಲ್ಲಾದರೂ ಇದ್ದರೆ, ಅವು ಅಮಾನತ್ತುಗಳು. ಇಂದು ಅಸರ್‌ನ ಬಳಿಕ ಅವುಗಳನ್ನು ಒಡೆಯರಿಗೆ ಮರಳಿಸಿಬಿಡಿ.